ಬ್ಯಾಟರಿ ತಣ್ಣಗಾಗುವವರೆಗೆ

ನನ್ನನ್ನು ನೋಡಲು ಬಂದ ಗಂಡಿನ ಕೈಗೆ ಎಲ್ಲರೆದುರು ಫಟ್ಟೆಂದು ಹೊಡೆದವಳು ನಾನು. ಇಷ್ಟು ವರ್ಷವಾದರೂ ಚಳ್ಳಕೆರೆಯಲ್ಲಿ ಈ ಮಾತು ನಿಂತಿಲ್ಲ. ಹೊಡೆದದ್ದು ನಿಜ. ಯಾಕೆ ಹೊಡೆದೆ ಎಂಬುದನ್ನು ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ.

ಪಾವಗಡ ರಸ್ತೆಯಲ್ಲಿ ನಮ್ಮಪ್ಪ ಕ್ಯಾತಣ್ಣನದು ಬ್ಯಾಟರಿ ಚಾರ್ಜು ಮಾಡುವ ಅಂಗಡಿ, ಅದರ ಹಿಂದೆಯೇ ಮನೆ. ಪಿಯುಸಿ ಮುಗಿಸಿ ಐದು ವರ್ಷ ನಾನೂ ಅಲ್ಲೇ ದುಡಿದೆ. ಆಸಿಡ್ ಸಿಡಿದು ನನ್ನ ಸೀರೆಗಳಲ್ಲೆಲ್ಲ ತೂತು. ನಾಲಿಗೆಯೂ ಸ್ವಲ್ಪ ಹರಿತ. ಹಿಂದೆ ಎರಡು ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂದು, "ಊರಿಗೋಗಿ ಹೇಳಿ ಕಳಿಸ್ತೀವಿ" ಎಂದು ಹೋದವರು ಹೇಳಿ ಕಳಿಸಲೇ ಇಲ್ಲ.

ಮೂರನೆಯವರು ಮೊಳಕಾಲ್ಮೂರಿನ ಮಾರುತೇಶ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸುಳ್ಳು ಯಾಕೆ ಹೇಳಲಿ, ಅವರ ಫೋಟೋವನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ. "ಈ ಸಲ ಬಾಯಿ ಬಿಡಬ್ಯಾಡ ಕಣವ್ವ, ಕೈ ಮುಗೀತೀನಿ" ಎಂದು ಅವ್ವ ಬೇಡಿಕೊಂಡಿದ್ದಳು. ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ.

ಅದು ತೊಂಬತ್ತೆಂಟರ ಮೇ ತಿಂಗಳು. ಗಂಡಿನ ಸೋದರಮಾವ ಉಗ್ರಪ್ಪನವರ ಜೀಪು ಮಧ್ಯಾಹ್ನ ಒಂದಕ್ಕೆ ಬಂದು, ನಮ್ಮ ಬಾಗಿಲ ಮುಂದೆ ನಿಂತದ್ದು ಮತ್ತೆ ಅಲ್ಲಾಡಲಿಲ್ಲ. ತಳಕಿನಲ್ಲಿ ಬ್ಯಾಟರಿ ಕೈಕೊಟ್ಟಿತಂತೆ. ಅಲ್ಲಿ ಯಾರೋ ತಗಡಿನ ಶೆಡ್ಡಿನಲ್ಲಿಟ್ಟು ಅರ್ಧ ಗಂಟೆಯಲ್ಲಿ ಜೋರು ಚಾರ್ಜು ಮಾಡಿಕೊಟ್ಟರಂತೆ.

"ನಾವು ಉಪ್ಪಿಟ್ಟು ತಿನ್ನೋದ್ರೊಳಗೆ ಇನ್ನೊಂದ್ಸಲ ಜೋರಾಗಿ ಏರಿಸಿಬಿಡಪ್ಪ ಕ್ಯಾತಣ್ಣ. ಮೂರಕ್ಕೆ ಹೊರಡ್ಬೇಕು" ಎಂದರು ಉಗ್ರಪ್ಪ.

ಒಳಕೋಣೆಯಲ್ಲಿ ರೇಷ್ಮೆ ಸೀರೆ ಉಟ್ಟು ಕುಳಿತಿದ್ದ ನಾನು, ಅಪ್ಪ ಬೇಡವೆನ್ನುತ್ತಾನೆ ಎಂದುಕೊಂಡೆ. ಬಿಸಿಯಾದ ಬ್ಯಾಟರಿಯನ್ನು ತಣ್ಣಗಾಗಿಸದೆ ಚಾರ್ಜಿಗೆ ಹಾಕಬಾರದು, ಬೇಸಿಗೆಯಲ್ಲಿ ಜೋರಾಗಿ ಏರಿಸಬಾರದು, ಗಾಳಿಯಾಡದ ಕಡೆ ಇಡಲೇಬಾರದು ಎಂದು ನನಗೆ ಕಲಿಸಿದವನೇ ಅವನು. ಆದರೆ ಬೀಗರಾಗುವವರ ಮುಂದೆ ಅವನ ವಿದ್ಯೆಯೆಲ್ಲ ಕರಗಿಹೋಯಿತು. "ಆಯ್ತು ಬಿಡ್ರಿ" ಎಂದವನೇ ಬ್ಯಾಟರಿಯನ್ನು ಅಂಗಡಿಯೊಳಗೇ ಇಟ್ಟು, ಬಿಸಿಲೆಂದು ಬಾಗಿಲು ಮುಚ್ಚಿ, ಚಾರ್ಜು ಹಾಕಿಬಿಟ್ಟ.

ಸ್ವಲ್ಪ ಹೊತ್ತಿಗೆ ಕೊಳೆತ ಮೊಟ್ಟೆಯ ವಾಸನೆ ಮನೆಗೂ ಬಂತು. ಬ್ಯಾಟರಿ ಅತಿಯಾಗಿ ಕಾದ ಗುರುತು ಅದು. ಅಂಗಡಿಗೆ ಹೋಗುವ ಒಳಬಾಗಿಲ ಸಂದಿಯಿಂದ ಇಣುಕಿದೆ. ಕತ್ತಲ ಅಂಗಡಿಯಲ್ಲಿ ಮಾರುತೇಶ ಬ್ಯಾಟರಿಯ ಮೇಲೆ ಬಗ್ಗಿ, ನೀರೆಷ್ಟಿದೆ ಎಂದು ನೋಡಲು ಬೆಂಕಿಕಡ್ಡಿ ಗೀರಲು ಹೊರಟಿದ್ದರು.

ಸೆರಗು ಸಿಕ್ಕಿಸಿ ಓಡಿದೆ. ಕೈಗೆ ಬಿಗಿದೆ. ಕಡ್ಡಿಪೆಟ್ಟಿಗೆ ಮೂಲೆಗೆ ಹಾರಿತು.

"ಮೇಷ್ಟ್ರೇ, ಮಕ್ಕಳಿಗೆ ಜಲಜನಕದ ಪಾಠ ಮಾಡ್ತೀರೋ ಇಲ್ವೋ? ಅದೇ ಇಲ್ಲಿ ತುಂಬ್ಕೊಂಡೈತೆ. ಒಂದು ಕಿಡಿ ಬಿದ್ರೆ ಬ್ಯಾಟರಿ ಸಿಡಿದು ಆಸಿಡ್ ಕಣ್ಣಿಗೇ ಬೀಳ್ತೈತೆ."

ಅವರು ಕೈ ಹಿಡಿದುಕೊಂಡು ನಿಂತರು. ನಾನು ಬಾಗಿಲು ತೆರೆದು ಗಾಳಿ ಬಿಟ್ಟು, ಚಾರ್ಜರ್ ಆರಿಸಿ, ಆಮೇಲೆ ಕ್ಲಿಪ್ಪು ಬಿಚ್ಚಿದೆ. ಸದ್ದಿಗೆ ಎಲ್ಲರೂ ಓಡಿಬಂದಿದ್ದರು. ಅಪ್ಪ ತಲೆ ತಗ್ಗಿಸಿದ. ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಮೂರನೆಯದೂ ಕೈಬಿಟ್ಟಿತು ಎಂದುಕೊಂಡೆ. ಆದರೂ ಸಿಟ್ಟು ಇಳಿದಿರಲಿಲ್ಲ.

"ಉಗ್ರಪ್ಪನೋರೆ, ಇದು ಮೊದ್ಲು ತಣ್ಣಗಾಗ್ಬೇಕು. ಆಮೇಲೆ ನಿಧಾನಕ್ಕೆ ಚಾರ್ಜು. ಏಳು ಗಂಟೆಗೆ ಮುಂಚೆ ಕೊಡಲ್ಲ."

ಉಗ್ರಪ್ಪನವರ ಮುಖ ಕೆಂಪಾಯಿತು. ಆದರೆ ಜೀಪಿಲ್ಲದೆ ಹೋಗುವುದೆಲ್ಲಿಗೆ? ಬೇವಿನ ಮರದಡಿ ಅವ್ವ ನೀರಿನ ಗಡಿಗೆ ಇಡುತ್ತಿದ್ದ ಒದ್ದೆ ಮರಳಿತ್ತು. ಗಡಿಗೆ ಸರಿಸಿ ಬ್ಯಾಟರಿಯನ್ನು ಅಲ್ಲಿಟ್ಟೆ. ಹೇಗೂ ಎಲ್ಲ ಮುಗಿಯಿತಲ್ಲ ಎಂದು ತೂತಿನ ಸೀರೆಯನ್ನೇ ಉಟ್ಟು ಬಂದು ಕುಳಿತೆ.

ಗಂಡಿನ ತಾಯಿ ಕಾಟಮ್ಮ ಬಂದು ಪಕ್ಕದಲ್ಲಿ ಕುಳಿತರು. ಚೀಲದಿಂದ ಎಲೆಯಲ್ಲಿ ಸುತ್ತಿದ ಹೂವಿನ ಪೊಟ್ಟಣ ತೆಗೆದು, ಬಾಡದಿರಲಿ ಎಂದು ಮರಳಿನ ಇನ್ನೊಂದು ತುದಿಯಲ್ಲಿಟ್ಟರು. ಹೆಣ್ಣು ಒಪ್ಪಿಗೆಯಾದರೆ ಮುಡಿಸಲು ತಂದ ಹೂವು ಅದು. ನೋಡಬಾರದು ಎಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

"ಬ್ಯಾಟರೀನ ಪದೇ ಪದೇ ಮುಟ್ಟಿ ಏನ್ ನೋಡ್ತೀಯಮ್ಮಾಯಿ?" ಎಂದರು.

"ಅಂಗೈ ಇಟ್ಟು ಹತ್ತು ಎಣಿಸೋಗಂಟ ತಡ್ಕೊಳ್ಳಂಗಿರ್ಬೇಕು. ಅಲ್ಲೀಗಂಟ ಚಾರ್ಜಿಲ್ಲ."

ಕಾಟಮ್ಮ ತಾವೂ ಅಂಗೈ ಇಟ್ಟರು. "ಒಕಟಿ, ರೆಂಡು" ಎಂದು ತೆಲುಗಿನಲ್ಲಿ ಎಣಿಸುತ್ತ ಏಳಕ್ಕೇ ಕೈ ಕಿತ್ತು ನಕ್ಕರು. ನಾನೂ ನಕ್ಕೆ. ಮೂರೂವರೆಗೆ ಹತ್ತು ದಾಟಿದರು. ನೀರಿನ ಮಟ್ಟ ನೋಡಲು ಬಗ್ಗಿದಾಗ ಪಕ್ಕದಲ್ಲೊಂದು ಟಾರ್ಚು ಹೊತ್ತಿತು.

"ಇದಾದ್ರೂ ನಡೀತೈತಾ?" ಎಂದರು ಮಾರುತೇಶ.

"ನಡೀತೈತೆ" ಎಂದೆ. ಡಿಸ್ಟಿಲ್ಡ್ ನೀರು ಹಾಕುವಾಗ ಎಂದೂ ಹನಿ ಚೆಲ್ಲದವಳು ಅಂದು ಅರ್ಧ ನೀರನ್ನು ಮರಳಿಗೇ ಸುರಿದೆ.

ಅಲ್ಲೇ ಮರದಡಿ ನಿಧಾನಕ್ಕೆ ಚಾರ್ಜು ಏರಿತು. ಅವರು ಶಾಲೆಯ ಕಥೆ ಹೇಳಿದರು, ನಾನು ಗಿರಾಕಿಗಳ ಜೊತೆ ಜಗಳವಾಡಿದ ಕಥೆ ಹೇಳಿದೆ. ಕಾಟಮ್ಮ ನನ್ನ ಸೀರೆಯ ತೂತು ಎಣಿಸಿ ಬೇಸತ್ತು ಬಿಟ್ಟರು. ಅವ್ವ ಎರಡನೇ ಸಲ ಉಪ್ಪಿಟ್ಟು ಕೆದಕಿದಳು.

ಏಳಕ್ಕೆ ಬ್ಯಾಟರಿ ಕೂರಿಸಿದೆ. ಕೀಲಿಯ ಒಂದೇ ತಿರುವಿಗೆ ಜೀಪು ಚಾಲೂ ಆಯಿತು. ಉಗ್ರಪ್ಪ ಒಳಗೆ ಕುಳಿತು, "ಊರಿಗೋಗಿ ಹೇಳಿ ಕಳಿಸ್ತೀವಿ ಕ್ಯಾತಣ್ಣ" ಎಂದರು.

ಹಿಂದಿನ ಇಬ್ಬರೂ ಹೇಳಿ ಹೋದದ್ದು ಇದೇ ಮಾತು.

ಕಾಟಮ್ಮ ಜೀಪು ಹತ್ತದೆ ಮರದ ಕಡೆ ನಡೆದರು. ಮರಳಿನ ಮೇಲಿದ್ದ ಪೊಟ್ಟಣ ಬಿಚ್ಚಿ, ಬಾಡದ ಮಲ್ಲಿಗೆಯನ್ನು ನನ್ನ ಜಡೆಗೆ ಮುಡಿಸಿದರು.

"ಹೇಳಿ ಕಳಿಸೋಕೆ ಏನೈತಣ್ಣ? ಮೂರು ಗಂಟೆಗೇ ಹೋಗಿದ್ರೆ ರೇಷ್ಮೆ ಸೀರೆ ನೋಡ್ಕೊಂಡು ಹೋಗ್ತಿದ್ವಿ. ಇಡೀ ದಿನ ಕುಂತು ಹುಡುಗೀನ ನೋಡೀನಿ. ನನ್ ಮಗನ ಕಣ್ಣು ಉಳಿಸಿದ ಕೈ ಇದು. ಆಷಾಢಕ್ಕೆ ಮುಂಚೆ ಲಗ್ನ ಆಗ್ಲಿ."

ಮಾರುತೇಶ ಪೆಟ್ಟು ತಿಂದ ಕೈಯನ್ನೇ ಜೀಪಿನಿಂದ ಹೊರಗೆ ಚಾಚಿ ಬೀಸಿದರು. ಬಾಯಿ ಬಿಡಬೇಡ ಎಂದು ಅವ್ವ ಬೇಡಿಕೊಂಡದ್ದು ಆಗ ಫಲಿಸಿತು. ಸಂತೋಷಕ್ಕೆ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.