ಜೊತೆಗೊಂದು ಕಲ್ಲು

ಮೂವರು ಒಟ್ಟಿಗೆ ಹೊರಟರೆ ಹೋದ ಕೆಲಸ ಕೆಡುತ್ತದೆ ಎನ್ನುವುದರಲ್ಲಿ ಲೀಲಾಕ್ಷಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅವಳು ತಟ್ಟೆಗೆ ಮೂರು ದೋಸೆ ಬಡಿಸುವವಳಲ್ಲ. ಅಶ್ವಿತಾ ಹುಟ್ಟಿ ಮನೆಯಲ್ಲಿ ಮೂವರಾದ ಮೇಲೆ, ದೂರದ ಪ್ರಯಾಣವೆಂದರೆ ಅವಳ ಬ್ಯಾಗಿನಲ್ಲಿ ನಾಲ್ಕನೆಯ ಜನವಾಗಿ ಒಂದು ಕಲ್ಲು ಇರಲೇಬೇಕು. ನಿಂಬೆಹಣ್ಣಿನಷ್ಟು ದೊಡ್ಡ, ಕಾರ್ಕಳದ ಕರಿಕಲ್ಲಿನ ಚೂರು. ಗಂಡ ಸಂಕಪ್ಪ ಹುಡುಗನಾಗಿದ್ದಾಗ ಮೊದಲ ಸಲ ಉಳಿ ಹಿಡಿದು ಒಡೆದದ್ದು. ಒಮ್ಮೆ ದೋಹಾ ವಿಮಾನ ನಿಲ್ದಾಣದ ತಪಾಸಣೆಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಇದೇನೆಂದು ಕೇಳಿದಾಗ ಸಂಕಪ್ಪ, "ಫ್ಯಾಮಿಲಿ ಮೆಂಬರ್ ಸಾರ್" ಎಂದಿದ್ದ. ತಪಾಸಣೆಯವನು ನಗಲಿಲ್ಲ, ಆದರೆ ಕಲ್ಲನ್ನು ಬಿಟ್ಟುಕೊಟ್ಟ.

ಸಂಕಪ್ಪ ದೋಹಾದಲ್ಲಿ ಮಾರ್ಬಲ್ ಕೂರಿಸುವವರ ಫೋರ್‌ಮನ್. ಎರಡು ಕಲ್ಲು ಸೇರುವ ಕಡೆ ಉಗುರು ಎಳೆದು ನೋಡುವುದು ಅವನ ಕ್ರಮ. "ಉಗುರು ಸಿಕ್ಕಿತಾ? ಖಲಾಸ್, ಕಿತ್ತು ಹಾಕು" ಎಂದರೆ ಮುಗಿಯಿತು, ಬೆಂಗಾಲಿಯಾಗಲಿ ನೇಪಾಳಿಯಾಗಲಿ ಮರುಮಾತಾಡುತ್ತಿರಲಿಲ್ಲ. ಇಂಥವನಿಗೆ ಹೋದ ವರ್ಷ ಮಗಳ ಶಾಲೆಯ ಪುಸ್ತಕದಲ್ಲಿ ಪೆರು ದೇಶದ ಇಂಕಾ ಜನರ ಹಳೆಯ ಗೋಡೆಯ ಚಿತ್ರ ಕಣ್ಣಿಗೆ ಬಿತ್ತು. ಸಿಮೆಂಟಿಲ್ಲ, ಸುಣ್ಣವಿಲ್ಲ, ಕಲ್ಲಿನ ಮೈಗೆ ಕಲ್ಲಿನ ಮೈ. ನಡುವೆ ಚಾಕುವಿನ ಮೊನೆಯೂ ಹೋಗದು ಎಂದು ಅಶ್ವಿತಾ ಓದಿ ಹೇಳಿದಳು.

"ಪುಸ್ತಕದವರಿಗೆ ಎಂತ, ಬರೆದ್ರಾಯ್ತು. ನನ್ನ ಉಗುರು ಹೇಳ್ಬೇಕು" ಎಂದ ಸಂಕಪ್ಪ.

ಅಂದಿನಿಂದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಅವರ ಫ್ಲಾಟಿನಲ್ಲಿ ಶುಕ್ರವಾರವೆಂದರೆ ಇಂಕಾದವರ ವಾರ. ಹಳೆಯ ಡ್ರಾಯಿಂಗ್ ಹಾಳೆಯ ಹಿಂದೆ, ಕಲ್ಲಿನ ಮೇಲೆ ಗುರುತು ಹಾಕುವ ದಪ್ಪ ಪೆನ್ಸಿಲಿನಲ್ಲಿ ಅವನ ಯೋಜನೆ ಬೆಳೆಯಿತು. ಎರಡು ಸಾವಿರದ ಎಂಟು, ಮೇ ತಿಂಗಳು. ಮೊದಲ ಎರಡು ದಿನ ಬೆಟ್ಟದೆತ್ತರದ ಕುಸ್ಕೊ ಊರು, ಅಲ್ಲಿನ ಗಾಳಿಗೆ ಒಗ್ಗಲು ಬರೀ ವಿಶ್ರಾಂತಿ. ಮೂರನೆಯ ದಿನ ಊರ ಮೇಲಿನ ಕೋಟೆ. ನಾಲ್ಕನೆಯ ದಿನ ಒಲ್ಯಾಂಟೈಟಾಂಬೊ ಎಂಬ, ಅವನ ನಾಲಿಗೆಗೆ ತಿಂಗಳಾದರೂ ಒಗ್ಗದ ಊರು. ಆಮೇಲೆ ರೈಲು, ಮಾಚು ಪಿಚು. "ಕೂಸು ಹುಟ್ಟುವ ಮುಂಚೆ ಕುಲಾವಿ" ಎಂದು ಲೀಲಾಕ್ಷಿ ಎಷ್ಟು ಛೇಡಿಸಿದರೂ ಪೆನ್ಸಿಲು ನಿಲ್ಲಲಿಲ್ಲ.

ಆದರೆ ಈಗ ಎಂಟು ದಿನಗಳಿಂದ ಅವಳು ಛೇಡಿಸುತ್ತಿರಲಿಲ್ಲ. ಅದಕ್ಕೂ ಮೊದಲು, ಮೂರನೆಯ ಮಾಳಿಗೆಯ ಮನೆಗೆ ಹತ್ತುವಾಗ ಗಂಡ ನಡುವೆ ಏದುಸಿರು ಬಿಡುತ್ತ ನಿಂತು, ಬಗ್ಗಿ ಬೂಟಿನ ದಾರ ಕಟ್ಟುವವನಂತೆ ಮಾಡುತ್ತಿದ್ದ. ಕಾಲಲ್ಲಿ ಇರುತ್ತಿದ್ದುದು ಚಪ್ಪಲಿ. ಇದನ್ನು ನೋಡಿಯೇ ಅವಳು ಹಠ ಹಿಡಿದು ಅವನನ್ನು ಆಸ್ಪತ್ರೆಗೆ ಎಳೆದೊಯ್ದದ್ದು. ಎಕ್ಸ್‌ರೇ ನೋಡಿ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು, ಶಿರ್ವದ ಕಡೆಯ ನರ್ಸ್ ರೆನಿಟಾ ಲೀಲಾಕ್ಷಿಯೊಬ್ಬಳನ್ನೇ ವರಾಂಡಕ್ಕೆ ಕರೆದು ಬಿಡಿಸಿ ಹೇಳಿದಳು.

"ಕಲ್ಲಿನ ಹುಡಿ ಲೀಲಕ್ಕ. ಶ್ವಾಸಕೋಶ ಗಟ್ಟಿಯಾಗಿ ಹೋಗಿದೆ. ಅದಕ್ಕೆ ಮದ್ದಿಲ್ಲ. ಹೆಚ್ಚಂದ್ರೆ ಒಂದು ವರ್ಷ ಅಂತಾರೆ. ಎತ್ತರದ ಜಾಗಕ್ಕೆಲ್ಲ ಹೋಗ್ಲೇಬಾರ್ದು, ಅಲ್ಲಿ ಗಾಳಿ ತೆಳು. ಇವರಿಗೆ ಉಸಿರು ಸಿಗುದಿಲ್ಲ."

ಹದಿನಾಲ್ಕನೆಯ ವಯಸ್ಸಿಗೆ ಉಳಿ ಹಿಡಿದವನು, ನಲವತ್ತು ವರ್ಷ ತಾನು ಒಡೆದ ಕಲ್ಲನ್ನೇ ಉಸಿರಾಡಿದ್ದ. ಹೇಳಲೋ ಬೇಡವೋ? ಲೀಲಾಕ್ಷಿಗೆ ಅದು ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವಾಯಿತು. ಹೇಳಿದರೆ ಆ ಹಾಳೆ ಮಡಚಿಟ್ಟು ಗೋಡೆ ನೋಡುತ್ತ ಕೂರುತ್ತಾನೆ. ಹೇಳದಿದ್ದರೆ ಹೊರಟೇಬಿಡುತ್ತಾನೆ. ಇರುವಷ್ಟು ದಿನ ಯೋಜನೆ ಹಾಕಿಕೊಂಡಿರಲಿ, ಕೊನೆಗೆ ವೀಸಾ ಸಿಗಲಿಲ್ಲವೆಂದು ಸುಳ್ಳು ಹೇಳಿದರಾಯಿತು ಎಂದುಕೊಂಡಳು. ಗಂಡನಿಗೆ ಅವಳು ಹೇಳಿದ ಸುಳ್ಳುಗಳೇನೂ ಕಡಿಮೆಯಲ್ಲ, ಆದರೆ ಇದೊಂದನ್ನು ಮನಸ್ಸಿನಲ್ಲೇ ಹೇಳಿ ನೋಡಿದರೂ ಅರ್ಧಕ್ಕೇ ನಿಲ್ಲಿಸುತ್ತಿದ್ದಳು.

ಆ ಶುಕ್ರವಾರ ಬೆಳಿಗ್ಗೆ ಅಶ್ವಿತಾ ಇನ್ನೂ ಎದ್ದಿರಲಿಲ್ಲ. ಸಂಕಪ್ಪ ಎರಡು ನೀರುದೋಸೆಗೇ ಸಾಕೆಂದು ತಟ್ಟೆ ಸರಿಸಿ ಹಾಳೆ ಬಿಚ್ಚಿದ. ತಾನು ಸಹಜವಾಗಿದ್ದೇನೆಂದು ತೋರಿಸಿಕೊಳ್ಳಲು ಲೀಲಾಕ್ಷಿ ಕಪಾಟಿನಿಂದ ಕಲ್ಲನ್ನು ತಂದು ಹಾಳೆಯ ಮೇಲಿಟ್ಟಳು.

"ಸಾಮಾನಿನ ಪಟ್ಟಿಯಲ್ಲಿ ಇದನ್ನು ಬರೀಲೇ ಇಲ್ವಲ್ಲ ನೀವು! ಮೂರು ಜನ ಹೊರಡುದು ಅಷ್ಟು ದೂರ."

ಸಂಕಪ್ಪ ಕಲ್ಲನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಸವರಿದ. ಆಮೇಲೆ ಮೆಲ್ಲಗೆ ಅವಳ ಕಡೆ ಸರಿಸಿದ.

"ಇದು ಬೇಡ ಮಾರಾಯ್ತಿ. ಇದನ್ನು ತಕೊಂಡ್ರೆ ಮೂರಾಗ್ತದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಕಲ್ಲು ಸೇರಿದರೆ ನಾಲ್ಕಲ್ಲವೇ ಎಂದು ಬೆರಳು ಮಡಚಲು ಹೋದವಳು ಅಲ್ಲಿಗೇ ನಿಂತಳು. ಇಷ್ಟು ದಿನ ನಗುತ್ತ ಮೇಲಿಂದ ಮೇಲೆ ನೋಡಿದ್ದ ಹಾಳೆಯನ್ನು ಈಗ ಸರಿಯಾಗಿ ಓದಿದಳು. ಮಳೆಕೋಟು ಎರಡು. ಊರುಗೋಲು ಎರಡು. ರೈಲಿನಲ್ಲಿ ಕಿಟಕಿಯ ಸೀಟು ಅಶ್ವಿತಾಳಿಗೆ, ಪಕ್ಕದ್ದು ಲೀಲಾಳಿಗೆ. ಎಲ್ಲವೂ ಹಳೆಯ ಅಂಕಿಯನ್ನು ಅಳಿಸಿ ಬರೆದದ್ದು.

"ನಿಮಗೆ ಯಾರು ಹೇಳಿದ್ದು?" ಎಂದಳು.

"ಹುಡಿ ಕೂತದ್ದು ನನ್ನ ಎದೆಯಲ್ಲಿ. ನನಗೆ ಗೊತ್ತಾಗದ್ದು ನಿನಗೆ ಗೊತ್ತಾಗ್ತದಾ? ನೀನು ಎಂಟು ದಿನದಿಂದ ಒಂದು ಸಲವೂ ಬೈಲಿಲ್ಲ. ಆಗಲೇ ಅಂದ್ಕೊಂಡೆ, ಇವಳಿಗೂ ತಿಳೀತು ಅಂತ."

ಲೀಲಾಕ್ಷಿ ಅತ್ತಳು. ಮಗಳು ಏಳಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. "ನೀವಿಲ್ಲದೆ ನಮಗೆಂತಕ್ಕೆ ಆ ಹಾಳು ಗೋಡೆ? ನಾನು ಹೋಗುದಿಲ್ಲ."

"ಹೋಗ್ಬೇಕು ಲೀಲಾ. ಜೀವಮಾನ ಇಡೀ ಮಾಡಿದ ಕೆಲಸ. ಸಿಮೆಂಟಿಲ್ಲದೆ ಹಾಗೆ ಕೂರಿಸ್ಲಿಕ್ಕೆ ಆಗ್ತದಾ ಇಲ್ವಾ ಅಂತ ನನಗೆ ಗೊತ್ತಾಗ್ಬೇಕು. ಬೇರೆಯವರು ಹೇಳಿದ್ರೆ ನಾನು ನಂಬುದಿಲ್ಲ. ಹನ್ನೆರಡು ದಿನ, ಅಷ್ಟೇ. ಸುಲೈಮಾನ್ ರಾತ್ರಿ ಬಂದು ಇಲ್ಲೇ ಮಲಗ್ತಾನೆ, ಮಾತಾಡಿ ಆಗಿದೆ. ನೀನು ಬಂದು ಹೇಳುವವರೆಗೆ ನಾನು ಎಲ್ಲಿಗೂ ಹೋಗುದಿಲ್ಲ."

ಸುಲೈಮಾನ್ ಅವನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವನು. ಅಂದರೆ ಅವನಿಗೂ ಗೊತ್ತಿತ್ತು, ತನಗೇ ಕೊನೆಗೆ ತಿಳಿದದ್ದು ಎಂದು ಅವಳಿಗೆ ಸಿಟ್ಟು ಬಂತು. ಆ ಸಿಟ್ಟು ಅಳುವಿನ ಮುಂದೆ ನಿಲ್ಲಲಿಲ್ಲ.

ಸಂಕಪ್ಪ ಮೇಜು ಹಿಡಿದು ಎದ್ದು, ಅವಳನ್ನು ಅಡುಗೆಕಟ್ಟೆಯ ಬಳಿಗೆ ಕರೆದೊಯ್ದ. ಅವನೇ ಕೂರಿಸಿದ ಕಟ್ಟೆ ಅದು, ಎರಡು ಹಲಗೆ ಮಾರ್ಬಲ್. ಅವಳ ತೋರುಬೆರಳು ಹಿಡಿದು ಸೇರುವೆಯ ಮೇಲೆ ಅಡ್ಡಕ್ಕೆ ಎಳೆಸಿದ.

"ಒತ್ಬಾರ್ದು. ಕಣ್ಣು ಮುಚ್ಚು. ಉಗುರೇ ಹೇಳ್ತದೆ. ಸಿಕ್ಕಿತಾ?"

"ಇಲ್ಲ."

"ಇನ್ನೊಮ್ಮೆ."

ಎಷ್ಟು ಸಲ ಎಳೆದರೂ ಎಲ್ಲಿ ಒಂದು ಕಲ್ಲು ಮುಗಿಯಿತು, ಎಲ್ಲಿ ಇನ್ನೊಂದು ಸುರುವಾಯಿತು ಎಂದು ಅವಳಿಗೆ ತಿಳಿಯಲಿಲ್ಲ. ಹದಿನಾರು ವರ್ಷ ಈ ಕಟ್ಟೆಯ ಮೇಲೆ ತರಕಾರಿ ಹೆಚ್ಚಿದವಳು ಒಮ್ಮೆಯೂ ಇದನ್ನು ನೋಡಿರಲಿಲ್ಲ, ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಬೆನ್ನ ಹಿಂದೆ ಅವನ ಉಸಿರು ಸಿಳ್ಳಿನಂತೆ ಕೇಳುತ್ತಿತ್ತು.

"ಹಾಗೇ ಅಲ್ಲಿ ನೋಡ್ಬೇಕು. ಸಿಕ್ಕಿದ್ರೆ ಸಿಕ್ಕಿತು ಅಂತ್ಲೇ ಹೇಳು. ನನಗೆ ಬೇಜಾರಾಗ್ತದೆ ಅಂತ ಸುಳ್ಳು ಹೇಳ್ಬೇಡ."

"ಹೇಳುದಿಲ್ಲ" ಎಂದಳು ಲೀಲಾಕ್ಷಿ. ಕಣ್ಣು ಒರೆಸಿಕೊಂಡು ಮೇಜಿಗೆ ಬಂದು, ಕಲ್ಲನ್ನು ಎತ್ತಿ ಕಪಾಟಿನ ಕಡೆ ಹೊರಟಳು.

"ಅದನ್ನು ಒಳಗೆ ಇಡ್ಬೇಡ. ನನ್ನ ಹತ್ರ ಇರ್ಲಿ" ಎಂದ ಸಂಕಪ್ಪ. "ನೀವಾದ್ರೆ ಇಬ್ರು. ನಾನು ಹೊರಡುದು ಒಬ್ಬನೇ ಅಲ್ವಾ."

ಅವಳು ತಿರುಗಿ ಬಂದು ಕಲ್ಲನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ತಾನೇ ಮಡಚಿದಳು.