ಹತ್ತೂ ಐವತ್ತರ ಬಸ್ಸು

ತಂಬೂರಿನ ಗೂಳಪ್ಪ ಮೂವತ್ತೊಂದು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಯಾವ ಬಸ್ಸು ಎಷ್ಟಕ್ಕೆ ಬರಬೇಕು, ಎಷ್ಟಕ್ಕೆ ಬಿಡಬೇಕು ಎಂದು ಮೈಕಿನಲ್ಲಿ ಒದರುವುದು ಅವನ ಕೆಲಸ. ನಿವೃತ್ತಿಯ ದಿನ ಸ್ಟ್ಯಾಂಡಿನವರು ಶಾಲು ಹೊದಿಸಿ, ನೆನಪಿಗೆ ಏನು ಬೇಕು ಎಂದು ಕೇಳಿದರೆ, ಮೂಲೆಗೆ ಬಿದ್ದಿದ್ದ ವೇಳಾಪಟ್ಟಿಯ ಹಳೆಯ ಕರಿಹಲಗೆ ಸಾಕು ಅಂದ. ಹಲಗೆ ಮನೆಗೆ ಬಂತು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಯಾರಿಗೂ ಬಿಡುವು ಸಿಗಲಿಲ್ಲ.

ಪಡಸಾಲೆಯ ಗೋಡೆಗೆ ತೂಗಿದ ಆ ಹಲಗೆಯ ಮೇಲೆ ಅಂಗಳ ಗುಡಿಸಲು ಒಂದು ವೇಳೆ, ಎಮ್ಮೆ ಹಿಂಡಲು ಒಂದು ವೇಳೆ. ಎಮ್ಮೆ ಮಾತ್ರ ಓದು ಬಾರದ್ದರಿಂದ ತನಗೆ ತಿಳಿದಾಗ ಹಾಲು ಕೊಡುತ್ತಿತ್ತು. ಚಪ್ಪಲಿಗಳು ಹೊರಡಲು ನಿಂತ ಬಸ್ಸುಗಳ ಹಾಗೆ ಮೂತಿ ಹೊರಗೆ ಮಾಡಿ ಸಾಲಾಗಿ ನಿಲ್ಲಬೇಕು. ತೊಗರಿಬೇಳೆಯ ಡಬ್ಬಿ ಕಡಲೆಬೇಳೆಯ ಡಬ್ಬಿಗೆ ಎಡಕ್ಕೇ ಇರಬೇಕು. ಹೆಂಡತಿ ಕೆಂಚವ್ವ ಮೊದಮೊದಲು ಜಗಳಾಡಿದಳು. ಆಮೇಲೆ, ಅವನು ಹೊಲಕ್ಕೆ ಹೋದ ಕೂಡಲೇ ಎಲ್ಲವನ್ನೂ ತನ್ನ ಕೈಗೆ ಒಗ್ಗುವಂತೆ ಇಟ್ಟುಕೊಂಡು, ಅವನ ಹೆಜ್ಜೆಸಪ್ಪಳ ಕೇಳಿದೊಡನೆ ಮೊದಲಿನಂತೆ ಜೋಡಿಸುವುದನ್ನು ಕಲಿತಳು. ಅದಕ್ಕೆ ಜಗಳಕ್ಕಿಂತ ಕಡಿಮೆ ಹೊತ್ತು ಹಿಡಿಯುತ್ತಿತ್ತು.

ಗೂಳಪ್ಪ ಹುಟ್ಟಾ ಹೀಗಿದ್ದವನಲ್ಲ. ಮೂವತ್ತೆಂಟು ವರ್ಷದ ಹಿಂದೆ ಅವನ ಮದುವೆ ದಿಬ್ಬಣದ ಲಾರಿ ಹಳ್ಳದ ಕೆಸರಿನಲ್ಲಿ ಹೂತು, ಮದುಮಗ ಹಂದರ ಸೇರಿದ್ದು ಮುಹೂರ್ತ ಮೀರಿ ಇಪ್ಪತ್ತೈದು ನಿಮಿಷಕ್ಕೆ. ಅಷ್ಟರಲ್ಲಿ ಜನ ಅಕ್ಕಿಕಾಳು ಹಿಡಿದು ಹಿಡಿದು ಕೈ ಬೆವರಿ, ಗಂಡಿಲ್ಲದ ಹಂದರಕ್ಕೇ ಎಸೆದು ಊಟಕ್ಕೆ ಕೂತಿದ್ದರು. “ವರ ಬಂದಾನಂತ್ರೀ, ಸ್ವಲ್ಪ ಸರಕೊಳ್ರಿ” ಎಂದು ಸಾರಿನ ಬಕೀಟು ಹಿಡಿದವನೊಬ್ಬ ಪಂಕ್ತಿಯ ನಡುವೆ ದಾರಿ ಮಾಡಿಕೊಟ್ಟಿದ್ದ. ಆ ಮಾತು ಗೂಳಪ್ಪನ ಕಿವಿಯಿಂದ ಇನ್ನೂ ಇಳಿದಿಲ್ಲ. ಹಾಗೆ ತಡವಾಗಿ ಆದ ಮದುವೆ ಇಷ್ಟು ವರ್ಷ ಗಟ್ಟಿಯಾಗಿಯೇ ನಡೆದು ಬಂತೆಂಬುದು ಮಾತ್ರ ಅವನ ಗಮನಕ್ಕೆ ಬಂದಿಲ್ಲ.

ಈಗ ಮಗ ಸಿದ್ದರಾಮನ ಸರದಿ. ಮೂವತ್ನಾಲ್ಕು ದಾಟಿದೆ. ಆರೆಕರೆ ಹೊಲ, ಒಂದು ಟ್ರ್ಯಾಕ್ಟರ್, ಊರವರ ಪಂಪ್‌ಸೆಟ್ಟು ರಿಪೇರಿ ಮಾಡುವ ಕೈ. ಹುಡುಗನಲ್ಲಿ ಯಾರೂ ಊನ ಕಾಣಲಿಲ್ಲ. ಆದರೆ ಹೆಣ್ಣಿನ ಕಡೆಯವರು ಮನೆತನ ನೋಡಲು ಬರುತ್ತಾರಲ್ಲ, ಒಪ್ಪಿದರೆ ಸಕ್ಕರೆ ತಿಂದು ಹೋಗುತ್ತಾರಲ್ಲ, ಅಲ್ಲಿ ಕೈ ಕೊಡುತ್ತಿತ್ತು. ಮೂರು ಸಲ ಬೀಗರಾಗಬೇಕಾದವರು ಬಂದರು, ಕೂತರು, ಸಕ್ಕರೆ ಮುಟ್ಟದೆ ಎದ್ದರು. ಪ್ರತಿ ಸಲವೂ ಗೂಳಪ್ಪ ವಿಚಾರಣೆ ನಡೆಸಿ ಕಾರಣ ಪತ್ತೆಹಚ್ಚಿದ. ಮೊದಲ ಸಲ ಚಹಾ ನಾಲ್ಕು ನಿಮಿಷ ತಡ. ಎರಡನೇ ಸಲ ಕಪ್ಪಿನ ಕಿವಿಗಳು ದಿಕ್ಕಿಗೊಂದು. ಮೂರನೇ ಸಲ ಕೆಂಚವ್ವ ನಡುವೆ ಸೀನಿದ್ದಳು.

“ಸೀನಿದ್ದಕ್ಕಲ್ಲೋ ಮಾರಾಯಾ,” ಎಂದ ಮಹಬೂಬಸಾಬ. ಅವನು ಬಾಜು ಮನೆಯವ, ಗೂಳಪ್ಪನ ಸ್ಟ್ಯಾಂಡಿನಲ್ಲೇ ಡ್ರೈವರ್ ಆಗಿದ್ದವ, ಅವನಿಗೆ ಲೇ ಎನ್ನಬಲ್ಲ ಒಬ್ಬನೇ ಮನುಷ್ಯ. “ಮೂರನೇ ಸಲ ಬಂದಿದ್ಲಲ್ಲ, ಆ ಕುಂದಗೋಳದಾಕಿ ಕೈ ತೊಳ್ಯಾಕ ಬಚ್ಚಲಕ್ಕ ಹೋಗಿದ್ಲು. ಗ್ವಾಡಿ ಮ್ಯಾಲ ‘ಒಬ್ಬರಿಗೆ ಎರಡು ತಂಬಿಗೆ’ ಅಂತ ಬರದೀಯಲ್ಲ, ಅದನ್ನ ಓದಿ ಬಂದು ನನ್ನ ಹೇಂತಿ ಮುಂದ ಏನಂದ್ಲು ಗೊತ್ತೈತೇನ್? ‘ಈ ಮನ್ಯಾಗ ಕೆಮ್ಮಬೇಕಂದ್ರೂ ಟಿಕೀಟ ತಗಸಬೇಕೇನೋ ಯವ್ವಾ’ ಅಂದ್ಲು.”

“ಅಂದ್ರ ಶಿಸ್ತು ಆಕಿ ಕಣ್ಣಿಗೆ ಬಿದ್ದೈತಿ,” ಎಂದ ಗೂಳಪ್ಪ ಸಮಾಧಾನದಿಂದ.

“ಬಿದ್ದೈತಿ ಲೇ. ಬಿದ್ದು ಆಕಿ ಓಡಿ ಹೋಗ್ಯಾಳ.”

ನಾಲ್ಕನೆಯ ಸಂಬಂಧ ತಂದವನೂ ಮಹಬೂಬಸಾಬನೇ. ಮಿಶ್ರಿಕೋಟಿಯ ಅಂದಾನೆಪ್ಪನ ಮಗಳು ಗಂಗಾ, ಊರ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದಳು. ಹುಡುಗನನ್ನು ನೋಡಿದಳು, ಮಾತಾಡಿಸಿದಳು, ಒಪ್ಪಿದಳು. ಸಿದ್ದರಾಮ ಅಂದಿನಿಂದ ಪಂಪ್‌ಸೆಟ್ಟಿನ ನಟ್ಟು ಬಿಚ್ಚುವಾಗಲೂ ಸಿಳ್ಳೆ ಹಾಕತೊಡಗಿದ್ದ. ಉಳಿದದ್ದು ಮನೆ ನೋಡುವುದೊಂದೇ. ಹಿಂದಿನ ರಾತ್ರಿ ಊಟದ ಹೊತ್ತಿಗೆ ಅವನು ತಲೆ ತಗ್ಗಿಸಿಕೊಂಡೇ ಹೇಳಿದ: “ಅಪ್ಪಾ, ಇದೂ ಹ್ವಾದ್ರ ನನಗ ಮತ್ತೊಂದ ಹೆಣ್ಣು ನೋಡಬ್ಯಾಡ್ರಿ. ಸಾಕಾಗೇತಿ.”

ಮಗನ ಮಾತು ಗೂಳಪ್ಪನಿಗೆ ನಾಟಿತು. ಈ ಸಲ ಕೂದಲೆಳೆಯಷ್ಟೂ ತಪ್ಪಬಾರದೆಂದು ಹಲಗೆ ಒರೆಸಿ ಹೊಸದಾಗಿ ಬರೆದ. 10:00ಕ್ಕೆ ಎಲ್ಲರ ಮೊಬೈಲೂ, ಮಾತಿನ ನಡುವೆ ಬಡಿದುಕೊಳ್ಳದಂತೆ, ಅಕ್ಕಿ ಡಬ್ಬಿಯೊಳಗೆ. 10:50ಕ್ಕೆ ಬಸ್ಸು. 11:00ಕ್ಕೆ ಸಿದ್ದರಾಮ ಬಿಳಿ ಅಂಗಿಯಲ್ಲಿ ಪೇಪರ್ ಓದುತ್ತಿರುವುದು. 11:05 ನೀರು, 11:09 ಚಹಾ, ಕಪ್ಪಿನ ಕಿವಿ ಬಲಕ್ಕೆ. 11:20 ಮಾತುಕತೆ, ನಗು ಮಿತವಾಗಿ. 12:15 ಹೋಳಿಗೆ ಊಟ, ಹರಿದ ಹೋಳಿಗೆ ಹೊರಗೆ ಬರತಕ್ಕದ್ದಲ್ಲ. 12:50 ಸಕ್ಕರೆ. ಬೀಗರನ್ನು ಬಸ್‌ಸ್ಟಾಪಿನಲ್ಲಿ ಇದಿರುಗೊಳ್ಳುವ ಕೆಲಸ ತನ್ನದು. ಯಾವ ಬಸ್ಸು ಹತ್ತಬೇಕೆಂದು ಅಂದಾನೆಪ್ಪನಿಗೆ ಫೋನಿನಲ್ಲಿ ಹೇಳಿದವನೂ ತಾನೇ. ಆ ಬಸ್ಸಿಗೆ ಆ ವೇಳೆ ಹಚ್ಚಿದ್ದೂ ತಾನೇ, ಹದಿನೆಂಟು ವರ್ಷದ ಹಿಂದೆ.

ತನ್ನ ಮೊಬೈಲನ್ನೂ ನಿಯಮದಂತೆ ಹತ್ತಕ್ಕೇ ಅಕ್ಕಿಯಲ್ಲಿ ಹೂತಿದ್ದವನು, ಹತ್ತೂವರೆಗೆ ಇಸ್ತ್ರಿ ಅಂಗಿ ತೊಟ್ಟು ಸ್ಟಾಪಿಗೆ ಬಂದು ನಿಂತ. ಅಲ್ಲಿ ಪಾನಂಗಡಿಯ ಭರಮಪ್ಪ ಎಲೆಗೆ ನೀರು ಚಿಮುಕಿಸುತ್ತ ಕೂತಿದ್ದ.

“ಎತ್ತಾಗ ಹೊಂಟೀರಿ, ಸಾಹೇಬ್ರ?”

“ಎತ್ತಾಗೂ ಇಲ್ಲ. ಹತ್ತೂ ಐವತ್ತರ ಬಸ್ಸಿಗೆ ಬೀಗರು ಬರತಾರ.”

ಭರಮಪ್ಪನ ಕೈ ನಿಂತಿತು. “ಅದು ಯುಗಾದಿ ಆದಾಗಿಂದ ಎಂಟೂವರಿಗೇ ಬರಾಕತ್ತೈತ್ರಿ.”

“ಯಾರ ಹೇಳಿದ್ರು ನಿನಗ?”

“ಯಾರೂ ಹೇಳಿಲ್ರಿ. ಬಸ್ಸ ಬರತೈತಿ, ನಾ ನೋಡತೇನಿ.”

“ಆರ್ಡರ್ ಕಂಡೀಯೇನು?”

“ಬಸ್ ಕಂಡೇನ್ರಿ.”

ಗೂಳಪ್ಪ ಕ್ಷಣ ಯೋಚಿಸಿದ. “ಅದು ಬ್ಯಾರೆ ಬಸ್ ಇರಬೇಕು,” ಎಂದು ತೀರ್ಪು ಕೊಟ್ಟ. “ಇಲ್ಲಂದ್ರ ನಿನ್ನಿ ಬಸ್ಸು, ಲೇಟಾಗಿ ಬಂದಿದ್ದು.”

ಹಾಗಿದ್ದರೆ ಅದು ದಿನವೂ ಇಪ್ಪತ್ತೊಂದು ತಾಸು ನಲವತ್ತು ನಿಮಿಷ ತಡವಾಗಿ ಬರುವ ಬಸ್ಸಾಯಿತು. ಭರಮಪ್ಪ ಒಂದು ಬೀಡಾ ಮಡಿಸಿ ಕೊಟ್ಟ. ಹತ್ತೂ ಐವತ್ತಾಯಿತು. ಹನ್ನೊಂದಾಯಿತು. ಒಂದು ಮೆಕ್ಕೆಜೋಳದ ಟ್ರ್ಯಾಕ್ಟರು, ಎರಡು ಬೈಕು, ಕುರಿ ಹಿಂಡೊಂದು ಹಾದುಹೋದವು. ಮನೆಗೆ ಹೋಗಿ ಬರಬಹುದಿತ್ತು. ಆದರೆ ಅಷ್ಟರಲ್ಲಿ ಬಸ್ಸು ಬಂದು, ಇದಿರುಗೊಳ್ಳುವವರಿಲ್ಲದೆ ಬೀಗರು ಇಳಿದರೆ? ಹಾಗೆ ನೋಡಿದರೆ ಬಸ್ಸು ತಡವಾದಷ್ಟೂ ಬರುವ ಗಳಿಗೆ ಹತ್ತಿರವಾಗುತ್ತಿತ್ತು. ಈ ತರ್ಕದ ಮೇಲೆ ಗೂಳಪ್ಪ ಹನ್ನೆರಡೂವರೆಯವರೆಗೆ ನಿಂತ.

ಆಮೇಲೆ ಆಸೆ ಬಿಟ್ಟ. ಬಸ್ಸು ಬರುವುದಿಲ್ಲ, ಬೀಗರೂ ಬರುವುದಿಲ್ಲ. ಸಿದ್ದರಾಮ ಬಿಳಿ ಅಂಗಿಯಲ್ಲಿ ಒಂದೇ ಪುಟ ಹಿಡಿದು ಕೂತಿರುತ್ತಾನೆ. ಅವನಿಗೆ ಏನು ಹೇಳುವುದು? ಮನೆಯ ದಾರಿ ಹಿಡಿದ ಗೂಳಪ್ಪ, ರೂಢಿಯಂತೆ ತಪ್ಪು ಯಾರದೆಂದು ವಿಚಾರಣೆ ಶುರುಮಾಡಿದ. ಕೆಂಚವ್ವನಿಗೆ ಸ್ಟಾಪಿನ ಕೆಲಸವಿರಲಿಲ್ಲ. ಸಿದ್ದರಾಮನಿಗೂ ಇರಲಿಲ್ಲ. ವಿಚಾರಣೆ ಹೋಗಿ ಹೋಗಿ ಒಬ್ಬನೇ ಮನುಷ್ಯನ ಹತ್ತಿರ ಬರತೊಡಗಿದಾಗ, ಪುಣ್ಯಕ್ಕೆ, ಮನೆ ಬಂತು.

ಅಂಗಳದಲ್ಲಿ ಮೂರು ಗಾಲಿಯ ಒಂದು ಟಂಟಂ ಗಾಡಿ ನಿಂತಿತ್ತು. ಅದರ ಕೆಳಗಿನಿಂದ ನಾಲ್ಕು ಕಾಲು ಹೊರಚಾಚಿದ್ದವು. ಬಾಗಿಲಲ್ಲಿ ಗುರುತು ಸಿಗದ ಚಪ್ಪಲಿಗಳು ಒಂದರ ಮೇಲೊಂದು ಏರಿ, ಒಂದಂತೂ ಅಂಗಾತ ಬಿದ್ದಿತ್ತು. ಒಳಗಿನಿಂದ ಹೆಂಗಸರ ನಗು ಕೇಳುತ್ತಿತ್ತು, ಮಿತ ಮೀರಿ.

“ಬರ್ರಿ ಬೀಗರ, ಬರ್ರಿ!” ಟಂಟಂ ಕೆಳಗಿಂದ ಅಂದಾನೆಪ್ಪ ಹೊರಬಂದ, ಮೊಣಕೈತನಕ ಗ್ರೀಸು. “ಎಲ್ಲಿ ಹೋಗಿದ್ರಿ? ನೀವು ಹೇಳಿದ ಬಸ್ ಎಂಟಕ್ಕ ಹೋಗಿಬಿಟ್ಟಿತ್ತು ನೋಡ್ರಿ. ನಮ್ಮ ತಮ್ಮನ ಟಂಟಂ ತಗೊಂಡು ಬಮ್ಮಿಗಟ್ಟಿ ಮ್ಯಾಲೆ ಒಳಹಾದಿಲೆ ಬಂದ್ವಿ. ನಿಮ್ಮ ಬಾಗಲಕ್ಕ ಬಂದು ಕೆಟ್ಟ ನಿಂತಿತು. ನಿಮ್ಮ ಹುಡುಗ ಅಂಗಿ ಕಳದಾವನ ಕೆಳಗ ಹೊಕ್ಕ. ಎಂಥಾ ಕೈರೀ ಅವಂದು!”

ಎದ್ದು ನಿಂತ ಸಿದ್ದರಾಮನ ಬನಿಯನ್ ಕಪ್ಪಾಗಿತ್ತು. ಬಿಳಿ ಅಂಗಿ ಎಮ್ಮೆಯ ಗೂಟಕ್ಕೆ ನೇತಾಡುತ್ತಿತ್ತು. ಪೇಪರು ಟಂಟಂ ಕೆಳಗೆ ಹಾಸಿತ್ತು.

ಗೂಳಪ್ಪ ಅಡುಗೆಮನೆಯ ಬಾಗಿಲಿಗೆ ಬಂದ. ಗಂಗಾಳ ದೊಡ್ಡವ್ವ ರಾಮವ್ವ ಮಣೆ ಎಳೆದುಕೊಂಡು ಕೂತು ಹೋಳಿಗೆ ಲಟ್ಟಿಸುತ್ತಿದ್ದಳು. ಬುಟ್ಟಿಯಲ್ಲಿದ್ದವುಗಳಲ್ಲಿ ಅರ್ಧ ಹರಿದವು. ತೊಗರಿಬೇಳೆಯ ಡಬ್ಬಿ ಎಲ್ಲಿತ್ತೆಂಬುದನ್ನು ನೋಡುವ ಧೈರ್ಯ ಅವನಿಗಾಗಲಿಲ್ಲ.

“ಮದಲನೇ ಹೋಳಗಿ ಹರೀತಲ್ರೀ ಬೀಗರ,” ರಾಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, “ನಿಮ್ಮಾಕಿ ಅದನ್ನ ಮುಚ್ಚಿಡಾಕ ಹೋಗಿ ಕೈ ಸುಟಗೊಂಡ್ಲು. ಅಯ್ಯ, ನಮ್ಮನ್ಯಾಗ ಹರೀಲಾರದ ಹೋಳಗಿನ ಇಲ್ಲವ್ವಾ ಅಂತ ನಾನ ಕುಂತೆ. ಖರೇ ಹೇಳತೇನ್ರಿ, ನಿಮ್ಮ ಮನಿ ಭಾಳ ಕಟ್ಟುನಿಟ್ಟು ಅಂತ ಕೇಳಿ ಅಂಜಿಕೋತ ಬಂದಿದ್ವಿ. ಜನ ಏನೇನೋ ಅಂತಾರ ಬಿಡ್ರಿ. ಸಕ್ರಿ ಹನ್ನೊಂದೂವರಿಗೇ ತಿಂದ್ವಿ.”

ಗೂಳಪ್ಪ ತಿರುಗಿ ಹಲಗೆಯತ್ತ ನೋಡಿದ. ಅದರ ಮೇಲೆ ಕೆಂಚವ್ವ ಮೊರ ತೂಗುಹಾಕಿದ್ದಳು. ಜೋಳ ಹಸನು ಮಾಡುವ ದೊಡ್ಡ ಮೊರ, ಒಂದಕ್ಷರವೂ ಕಾಣದಂತೆ.

“ನನ್ನ ಕರ್ಯಾಕ ಯಾರನ್ನರ ಕಳಸಬಾರದಿತ್ತೇನು?” ಎಂದ ಹೆಂಡತಿಗೆ ಮೆಲ್ಲಗೆ.

“ಯಾರನ್ನ ಕಳಸೂದ್ರಿ?” ಕೆಂಚವ್ವ ತವೆಯಿಂದ ಕಣ್ಣೆತ್ತಲಿಲ್ಲ. “ನಿಮ್ಮ ಹಲಗಿ ಮ್ಯಾಲ ಯಾರಿಗೂ ಹೊರಗ ಹೋಗೂ ಡ್ಯೂಟಿ ಇರಲಿಲ್ಲ. ಫೋನ್ ಹಚ್ಚಿದ್ವಿ, ಅಕ್ಕಿ ಡಬ್ಬ್ಯಾಗ ರಿಂಗಾತು.”

ರಾಮವ್ವ ಎದ್ದು ಬಂದು ಅವನ ಅಂಗೈಗೆ ಒಂದು ಚಿಟಿಕೆ ಸಕ್ಕರೆ ಹಾಕಿದಳು. ಗೂಳಪ್ಪ ಅದನ್ನು ಬಾಯಿಗೆ ಹಾಕಿಕೊಳ್ಳುವ ಮುನ್ನ ಗಡಿಯಾರ ನೋಡಿದ. ಸರಿಯಾಗಿ 12:50. ಅವನ ಮುಖದಲ್ಲಿ ಆ ದಿನ ಮೊದಲ ಸಲ ನೆತ್ತರು ಆಡಿತು. ಸಂಜೆ ಮಹಬೂಬಸಾಬನ ಕಟ್ಟೆಯ ಮೇಲೆ, “ತಯಾರಿ ಪಕ್ಕಾ ಇತ್ತಂದ್ರ ಹಿಂಗ ನೋಡು, ನಾ ಇಲ್ಲದಿದ್ರೂ ಕೆಲಸ ನಡೀತೈತಿ,” ಅಂದ. ಮಹಬೂಬಸಾಬ ಅದರಲ್ಲಿ ‘ಇಲ್ಲದಿದ್ರೂ’ ಅನ್ನುವುದನ್ನಷ್ಟೇ ‘ಇಲ್ಲದಿದ್ರ’ ಎಂದು ತಿದ್ದಬೇಕೆಂದುಕೊಂಡು, ಚಹಾ ಕೊಟ್ಟ.

ಮದುವೆಗೆ ದಿನ ಗೊತ್ತಾಯಿತು. ಮುಹೂರ್ತ 12:25. ಅದೇ ವಾರ ಗೂಳಪ್ಪ ಮದುವೆಯ ಹಲಗೆ ಬರೆಯಲು ಹೋದರೆ, ಮೊರ ಪಕ್ಕಕ್ಕೆ ಸರಿದಿತ್ತು. ಕೆಂಚವ್ವ ಆಗಲೇ ಒಂದು ಸಾಲು ಬರೆದಿದ್ದಳು. ಅವಳು ಸುಣ್ಣದ ಕಡ್ಡಿ ಹಿಡಿದದ್ದು ಅವನು ಕಂಡಿದ್ದು ಅದೇ ಮೊದಲು. ‘ಗೂಳಪ್ಪನವರು — ಬಸ್‌ಸ್ಟಾಪು, ಬೀಗರನ್ನು ಇದಿರುಗೊಳ್ಳುವುದು.’

ಗೂಳಪ್ಪ ಓದಿದ. ಮತ್ತೊಮ್ಮೆ ಓದಿದ. ಭರಮಪ್ಪನ ಎಲೆಯ ಬುಟ್ಟಿ, ಖಾಲಿ ರಸ್ತೆ, ಕುರಿಯ ಹಿಂಡು ಕಣ್ಣ ಮುಂದೆ ಹಾದುಹೋದವು.

“ಎಷ್ಟೊತ್ತಿನ ಮಟ ನಿಂದರಬೇಕಂತ ಬರದಿಲ್ಲಲ್ಲ,” ಎಂದ.

“ಬ್ಯಾಸರ ಆಗೂಮಟ,” ಅಡುಗೆಮನೆಯಿಂದ ಕೆಂಚವ್ವ ಅಂದಳು. ಆಮೇಲೆ ಬಾಗಿಲಿಗೆ ಬಂದು, “ಅಕ್ಕಿಕಾಳಿನ ಹೊತ್ತಿಗೆ ಬಂದ್ರ ಸಾಕ್ರಿ. ಸ್ವಲ್ಪ ತಡಾ ಆದ್ರೂ ನಡೀತೈತಿ. ಅವತ್ತ ನಮ್ಮ ಲಗ್ನ ನಡೀಲಿಲ್ಲೇನು?”

ಗೂಳಪ್ಪ ಸುಣ್ಣದ ಕಡ್ಡಿ ಕೈಗೆತ್ತಿಕೊಂಡ. ‘12:25ರೊಳಗೆ’ ಎಂದು ಬರೆದ. ಹೆಬ್ಬೆರಳಿನಿಂದ ‘ರೊಳಗೆ’ ಅಳಿಸಿದ. 12:25ರ ಎಡಕ್ಕೆ, ಮೂವತ್ತೊಂದು ವರ್ಷದಲ್ಲಿ ಆ ಹಲಗೆ ಒಮ್ಮೆಯೂ ಕಾಣದಿದ್ದ ಒಂದು ಮಾತು ಸೇರಿಸಿದ: ಸುಮಾರು.

ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಸಾಲು ಸ್ವಲ್ಪ ಸೊಟ್ಟಗಾಗಿತ್ತು. ಅಳಿಸಿ, ಅಳತೆಪಟ್ಟಿ ಇಟ್ಟು, ನೆಟ್ಟಗೆ ಮತ್ತೆ ಬರೆದ: ಸುಮಾರು.