ಹಿಂದಿನ ಸಾಲಿನ ಮುಖ

ಯಂಕವ್ವ ಕೇಳಿದ್ದು ದೊಡ್ಡದೇನಲ್ಲ. ಗಂಡ ಮಾಂತು ತೀರಿಕೊಂಡು ಒಂಬತ್ತು ದಿನ. ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಚೀಲ ಹೊತ್ತಲ್ಲೇ ಕುಸಿದ ಹಮಾಲ ಅವನು. ದಿವಸದ ಕಾರ್ಯದ ಹೊತ್ತಿಗೆ ಗೋಡೆಗೆ ತೂಗುಹಾಕಲು ಅವನದೊಂದು ಮೊಳದುದ್ದದ ಫೋಟೋ ಬೇಕಿತ್ತು.

“ಆಧಾರ್ ಕಾರ್ಡಿನ್ಯಾಗ ಅದ ಅಲ್ಲ ಅಕ್ಕಾ?” ಎಂದ ಕಾತ್ರಜ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಅಂಬಾದಾಸ.

“ಅದನ್ನ ನೋಡಿ ಅವರೇ ‘ಇಂವ ಯಾವ ಕಳ್ಳ?’ ಅಂತಿದ್ರು. ನನ್ನ ಮೈದುನನ ಮದಿವ್ಯಾಗ ನೀವೇ ತೆಗೆದಿದ್ರಲ್ಲ, ಅದರಾಗಿಂದ ಮಾಡ್ರಿ.”

ಅಂಬಾದಾಸ ಆ ಮದುವೆಯ ಗುಂಪಿನ ಫೋಟೋ ಕಂಪ್ಯೂಟರಿನಲ್ಲಿ ತೆರೆದ. ಮುಂದೆ ಕುರ್ಚಿಯಲ್ಲಿ ಕೂತ ಹಿರಿಯರ ರೆಪ್ಪೆಗೂದಲು ಎಣಿಸಬಹುದಿತ್ತು. ಹಿಂದಿನ ಸಾಲಿನ ತುದಿಗೆ, ಬೆಂಚಿನ ಮೇಲೆ ನಿಂತಿದ್ದ ಮಾಂತುವನ್ನು ಹಿಗ್ಗಿಸಿದ. ಕಣ್ಣಿದ್ದಲ್ಲಿ ಎರಡು ಕಪ್ಪು ಕಲೆ, ಮೀಸೆಯಿದ್ದಲ್ಲಿ ಒಂದು ಗೆರೆ. ಮುಖ ಹಿಟ್ಟು ಕದಡಿದ ನೀರಿನಂತಿತ್ತು.

ಮಬ್ಬು ಫೋಟೋ ಚೊಕ್ಕ ಮಾಡುವ ಆ್ಯಪಿಗೆ ಹಾಕಿದ. ಕಣ್ಣು, ಹುಬ್ಬು, ಹಲ್ಲು ಎಲ್ಲ ಮೂಡಿದವು. ಯಂಕವ್ವ ಹತ್ತಿರ ಬಂದು ನೋಡಿದಳು.

“ಚಂದ ಅದಾರ. ಯಾರ್ರಿ ಇವರು?”

ಅಂಬಾದಾಸ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: “ಫೋಟೋ ತೆಗೆಯೋವಾಗ ಮಾಂತಣ್ಣ ಅಲುಗ್ಯಾಡಿರಬೇಕು ಅಕ್ಕಾ.”

“ಇಲ್ಲರಿ.” ಅವಳ ದನಿ ಏರಲಿಲ್ಲ. “ನೀವು ಉಸಿರು ಹಿಡೀರಿ ಅಂದ್ರಿ. ನೀವು ಕ್ಯಾಮೆರಾ ಇಳಿಸಿದ ಮ್ಯಾಲೂ ಹಿಡಕೊಂಡೇ ನಿಂತಿದ್ರು. ‘ಬಿಡೋ, ಸಾಯ್ತಿ’ ಅಂತ ಮಂದಿ ಎಲ್ಲಾ ನಕ್ಕರು.”

ಅಂಬಾದಾಸನಿಗೂ ಆ ನಗು ನೆನಪಾಯಿತು. ಸತ್ತವನ ತಲೆಗೆ ಕಟ್ಟಿದ ಸುಳ್ಳು ಬಾಯಲ್ಲಿ ಕಹಿಯಾಯಿತು. ಕಪಾಟಿನಿಂದ ಆ ದಿನದ ಲೆನ್ಸ್ ತಂದು ಅವಳ ಮುಂದಿಟ್ಟ.

“ತಪ್ಪು ನಂದು. ಒಳಗೊಂದು ಕಿಂಡಿ ಅದ ನೋಡ್ರಿ. ಗುಂಪಿದ್ರ ಅದನ್ನ ಎಂಟರ ಗುರುತಿಗೆ, ಅರ್ಧಮರ್ಧ ತೆರೆದಿಡು ಅಂತ ನನಗ ಫೋಟೋ ಕಲಿಸಿದ ದಿಗಂಬರ ಮಾಸ್ತರು ಬಡಕೊಂಡು ಹೇಳ್ತಿದ್ರು. ಪೂರಾ ತೆರೆದ್ರ ಮುಂದಿನವರಷ್ಟೇ ಚೊಕ್ಕ ಉಳೀತಾರ, ತೀರಾ ಮುಚ್ಚಿದ್ರ ಎಲ್ಲರೂ ಮಂಕು. ಹೊಸ ಲೆನ್ಸಿನ ಸೊಕ್ಕಿನ್ಯಾಗ ನಾ ಪೂರಾ ತೆರೆದೆ.”

ಗುಂಪಿನ ಹಿಂದೆ ಪರದೆಯಂತೆ ಕಟ್ಟಿದ್ದ ಹರಕು ತಾಡಪತ್ರಿ ಕಾಣದಂತೆ ಕರಗಲಿ ಎಂಬುದು ಅವತ್ತಿನ ಅವನ ಲೆಕ್ಕ. ತಾಡಪತ್ರಿಯ ಜೊತೆ ಅದಕ್ಕೆ ಬೆನ್ನು ಹಚ್ಚಿ ನಿಂತವನೂ ಕರಗಿದ್ದ.

ಯಂಕವ್ವ ಲೆನ್ಸ್ ಮುಟ್ಟಲಿಲ್ಲ. “ಆ ಮದಲಿನ ಫೋಟೋನೇ ತೆಗೀರಿ,” ಎಂದಳು.

ಮತ್ತೆ ಆ ಮಬ್ಬು ಮುಖ ಪರದೆ ತುಂಬಿತು. ಅಂಬಾದಾಸ ಅದನ್ನು ಮೆಲ್ಲಗೆ ಕುಗ್ಗಿಸತೊಡಗಿದ. ಮೊಳದಿಂದ ಗೇಣಿಗೆ, ಗೇಣಿನಿಂದ ಅಂಗೈಗೆ. ಚದುರಿದ್ದ ಕಲೆಗಳು ಒಂದರ ಹತ್ತಿರ ಒಂದು ಸರಿದವು. ಬಿಗಿಹಿಡಿದ ಉಸಿರಿಗೆ ಉಬ್ಬಿದ ಕೆನ್ನೆ ಕಂಡಿತು.

“ಸಾಕು, ಅಲ್ಲೇ ನಿಲ್ಲಸ್ರಿ,” ಎಂದಳು ಯಂಕವ್ವ, ಸೆರಗು ಬಾಯಿಗೊತ್ತಿ. “ಬಂದ್ರು.”

ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು. ಅದಕ್ಕೆ ಹೊಂದುವ ಚೌಕಟ್ಟು ಅಂಗಡಿಯಲ್ಲಿ ಒಂದೂ ಇರಲಿಲ್ಲ.